ಸಮುದ್ರಕ್ಕೆ ಒಂದು ಚಮಚ ಸುಣ್ಣ

ನಮ್ಮ ಅಡುಗೆಮನೆಯ ಲೋಟಗಳ ಸಾಲಿನ ಕೊನೆಯಲ್ಲಿ ಬೆರಳುದ್ದದ ಮೂರು ಗಾಜಿನ ಕೊಳವೆಗಳು ನಿಂತಿರುತ್ತವೆ. ಮೊನ್ನೆ ಬಂದಿದ್ದ ನೆಂಟರೊಬ್ಬರು ಒಂದನ್ನು ಕೈಗೆತ್ತಿಕೊಂಡು, "ಇದೆಂತದು, ಹೋಮಿಯೋಪತಿಯ?" ಎಂದು ಕೇಳಿದರು. ಒಲೆಯ ಕಡೆ ಮುಖ ಮಾಡಿ ನಿಂತಿದ್ದ ನನ್ನ ಹೆಂಡತಿ ಶಾರದ, "ಅದು ಇವರು ಸಮುದ್ರದ ನಾಡಿ ನೋಡೋದು," ಎಂದಳು. ನೆಂಟರು ನಕ್ಕರು. ನಾನೂ ನಕ್ಕೆ. ಶಾರದ ಮಾತ್ರ ನಗಲಿಲ್ಲ.

ಅವಳು ಹೇಳಿದ್ದು ನಿಜವೇ. ಬಣಕಲ್ಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಟ್ರಂಕಿನಷ್ಟು ದೊಡ್ಡ ಒಂದು ಗಾಜಿನ ತೊಟ್ಟಿಯಲ್ಲಿ, ಸಮುದ್ರ ಇದೆ. ಮೇಲೊಂದು ದೀಪ, ಒಳಗೊಂದು ಪಂಪು, ನಮ್ಮ ಚಳಿಗೆ ನೀರು ತಣ್ಣಗಾಗದಂತೆ ಒಂದು ಹೀಟರು. ತಳದಲ್ಲಿ ಬಿಳಿ ಮರಳು, ಮೂರು ಕಲ್ಲು. ಮೀನಿಲ್ಲ. ಮೀನಿಲ್ಲದ ನೀರನ್ನು ಪ್ರತಿ ಭಾನುವಾರ ಕೊಳವೆಗೆ ತುಂಬಿ, ಸಣ್ಣ ಸೀಸೆಗಳಿಂದ ಹನಿ ಹಾಕಿ, ಕುಲುಕಿ, ಬಂದ ಬಣ್ಣವನ್ನು ಕಿಟಕಿಯ ಬೆಳಕಿನಲ್ಲಿ ಒಂದು ಕಾರ್ಡಿನ ಪಕ್ಕ ಹಿಡಿದು ನೋಡುವ ಮನುಷ್ಯನ ಬಗ್ಗೆ ಊರಿನಲ್ಲಿ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ. ಗೊತ್ತಾದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಅದೂ ಪೂರ್ತಿಯಲ್ಲ. ಆಮ್ಲ, ಪ್ರತ್ಯಾಮ್ಲ ಎಂಬ ಪಾಠ ಶುರುವಾಗುವ ಹೊತ್ತಿಗೆ ನಾನು ಎಸ್ಟೇಟಿನ ಕೆಲಸಕ್ಕೆ ಸೇರಿಯಾಗಿತ್ತು. ಆ ಪಾಠವನ್ನು ನನಗೆ ಮಾಡಿದವರು ನಮ್ಮ ಹಳೆಯ ಮೇಸ್ತ್ರಿ. ಮಳೆಗೆ ಮೊದಲು ಕಾಫಿಗೂ ಮೆಣಸಿಗೂ ಹೊಡೆಯುವ ಬೋರ್ಡೋ ಔಷಧಿ ಗೊತ್ತಲ್ಲ, ಮೈಲುತುತ್ತದ ನೀರಿಗೆ ಸುಣ್ಣದ ನೀರು ಸೇರಿಸಿ ಮಾಡುವುದು; ಅದನ್ನು ಹದ ಮಾಡುವುದು ಅವರ ಕೆಲಸ. ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಡ್ರಮ್ಮಿನಲ್ಲಿ ಅದ್ದಿ ಮೇಲೆತ್ತುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತಿದ್ದರೆ, "ಹುಳಿ ಇದೆ. ಸುಣ್ಣ ಹಾಕು," ಎನ್ನುತ್ತಿದ್ದರು. ಅಲಗು ಹೊಳೆಯುತ್ತಲೇ ಇದ್ದರೆ, "ಆಯ್ತು, ಹೊಡೀರಿ." ಅವರು ಹೋದ ಮೇಲೆ ಆ ಕತ್ತಿ ನನ್ನ ಕೈಗೆ ಬಂತು. ಆಮೇಲೆ ಮಣ್ಣು ಪರೀಕ್ಷೆಯ ಕಾಲ ಬಂತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಲ್ಯಾಬಿನ ಕಾಗದ ನೋಡಿ, "ಪಿ.ಎಚ್. ಕಡಿಮೆ ಬಂದಿದೆ ಮಾರಾಯ," ಎಂದರೆ ಸಾಕು, ಎಷ್ಟು ಮೂಟೆ ಸುಣ್ಣ ಎಲ್ಲಿ ಎರಚಬೇಕೆಂದು ನಾನು ಹೇಳುತ್ತಿದ್ದೆ. ಜಗತ್ತಿನ ಎಲ್ಲ ವಿಜ್ಞಾನದಲ್ಲಿ ನನಗೆ ಬರುತ್ತಿದ್ದುದು ಈ ಒಂದೇ ವಾಕ್ಯ: ಕಡಿಮೆಯಾದರೆ ಸುಣ್ಣ ಹಾಕು. ಒಂದೇ ವಾಕ್ಯ ಗೊತ್ತಿರುವವನಿಗೆ ಅದನ್ನು ಎಲ್ಲಾದರೂ ಹೇಳಬೇಕೆಂಬ ಆತುರ ಬಹಳ ಇರುತ್ತದೆ.

ನನ್ನ ತಂಗಿ ಗಿರಿಜ ಹತ್ತನೇ ಕ್ಲಾಸು ಪಾಸು ಮಾಡಿದವಳು. ಸಣ್ಣವಳಿದ್ದಾಗ ಅವಳಿಗೆ ಹಳ್ಳದ ಮೀನಿನ ಹುಚ್ಚು. ಸೀರೆಯ ತುಂಡಿನಲ್ಲಿ ಸೋಸಿ ಹಿಡಿದ ಮೀನುಗಳನ್ನು ಉಪ್ಪಿನಕಾಯಿಯ ಬಾಟಲಿಯಲ್ಲಿ ಇಟ್ಟುಕೊಂಡು ಮುಖದ ಹತ್ತಿರ ಹಿಡಿದು ನೋಡುತ್ತಿದ್ದಳು. ಬಾಟಲಿಯ ಆಚೆ ಕಡೆಯಿಂದ ಅವಳ ಕಣ್ಣು ಮೀನಿಗಿಂತ ದೊಡ್ಡದಾಗಿ ಕಾಣುತ್ತಿತ್ತು. ಎಷ್ಟು ತೊಳೆದರೂ ಹೋಗದ ಮೆಂತ್ಯದ ವಾಸನೆ ಆ ಬಾಟಲಿಗೆ. ಸಂಜೆಯಾದರೆ ಮೀನನ್ನು ತಿರುಗಿ ಹಳ್ಳಕ್ಕೆ ಬಿಟ್ಟು ಬರುತ್ತಿದ್ದಳು. "ಅದರ ಮನೇಲಿ ಹುಡುಕ್ತಾರೆ," ಎನ್ನುತ್ತಿದ್ದಳು.

ಅವಳ ಇನ್ನೊಂದು ಗುಣವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಸಲ ನಾನು ಗೋಲಿ ಆಡುವ ಗಡಿಬಿಡಿಯಲ್ಲಿ ಕೋಳಿಗೂಡಿನ ಬಾಗಿಲು ಹಾಕುವುದನ್ನು ಮರೆತೆ. ಬೆಳಿಗ್ಗೆ ನೋಡಿದರೆ ಗೂಡಿನ ತುಂಬ ರೆಕ್ಕೆ ಪುಕ್ಕ. ಮುಂಗುಸಿ ಬಂದು ಹೋಗಿತ್ತು. ಅಪ್ಪ ಕೋಲು ಹಿಡಿದು, "ಯಾರು ಬಾಗಿಲು ಹಾಕದೇ ಬಿಟ್ಟಿದ್ದು?" ಎಂದು ಕೇಳಿದರು. ನಾನು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತೆ. ಗಿರಿಜ, "ನಾನೇ ಇರ್ಬೇಕು ಅಪ್ಪ," ಎಂದಳು. ಅವಳು ಸುಳ್ಳು ಹೇಳಲಿಲ್ಲ. ಏನಾದರೂ ಕೆಟ್ಟದ್ದಾದರೆ ಅದು ತನ್ನಿಂದಲೇ ಆಗಿರಬೇಕು ಎಂದು ಅವಳಿಗೆ ನಿಜವಾಗಿಯೂ ಅನಿಸುತ್ತಿತ್ತು. ಹೊಡೆತ ಅವಳಿಗೆ ಬಿತ್ತು. ನಾನು ಸುಮ್ಮನಿದ್ದೆ. ಆಗ ನಾನು ಚಿಕ್ಕವನಿದ್ದೆ ಎಂದು ಹೇಳಿಕೊಳ್ಳಬಹುದು. ಮುಂದೆ ಹೇಳಲಿರುವುದಕ್ಕೆ ಆ ನೆಪವೂ ಇಲ್ಲ.

ಗಿರಿಜಳನ್ನು ಘಟ್ಟದ ಕೆಳಗೆ, ಮಲ್ಪೆಯ ಕಡೆಗೆ ಕೊಟ್ಟೆವು. ಗಂಡ ಉಮೇಶ ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದ. ಒಳ್ಳೆಯವನು, ಬಂದಾಗಲೆಲ್ಲ ನಮ್ಮ ಮನೆಯ ಮಿಕ್ಸಿಯಿಂದ ಹಿಡಿದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನವರೆಗೆ ಎಲ್ಲವನ್ನೂ ಬಿಚ್ಚಿ ನೋಡುತ್ತಿದ್ದ. ಮಕ್ಕಳಾಗಲಿಲ್ಲ. ಒಂದು ಸಂಜೆ ಅವನು ಎದೆ ಉರಿ ಎಂದ. ಮಧ್ಯಾಹ್ನ ಕಡಲೆ ತಿಂದಿದ್ದನಂತೆ. ಗ್ಯಾಸ್ ಇರಬೇಕೆಂದು ಗಿರಿಜ ಜೀರಿಗೆ ಕಷಾಯ ಮಾಡಿಕೊಟ್ಟಳು. ಅವನು ಕುಡಿದು, ಚೆನ್ನಾಗಿದೆ ಎಂದು ಹೇಳಿ, ಮಲಗಿದ. ಏಳಲಿಲ್ಲ.

ಡಾಕ್ಟರೂ ಹೇಳಿದರು, ನಾವೂ ಹೇಳಿದೆವು, ಅವಳ ಅತ್ತೆಯೇ ಹೇಳಿದರು, ಯಾರಿಂದಲೂ ಏನೂ ಆಗುತ್ತಿರಲಿಲ್ಲವೆಂದು. ಗಿರಿಜ ತಲೆಯಾಡಿಸುತ್ತಿದ್ದಳು. ಆಮೇಲೆ ಜೀರಿಗೆಯ ಡಬ್ಬಿ ಕಂಡರೆ ಎದ್ದು ಹೋಗುತ್ತಿದ್ದಳು. ಶಾರದ ನಮ್ಮ ಅಡುಗೆಮನೆಯಲ್ಲಿ ಜೀರಿಗೆಯನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟಳು. ನಾನು ಹೋಗಿ ತಂಗಿಯನ್ನು ಕರೆದುಕೊಂಡು ಬಂದಿದ್ದೆ.

ಬಂದವಳು ಮೂರು ತಿಂಗಳು ಮಾತೇ ಆಡಲಿಲ್ಲ ಎನ್ನಬೇಕು. ಒಂದು ದಿನ ಇದ್ದಕ್ಕಿದ್ದಂತೆ, "ಅಣ್ಣ, ಇಲ್ಲಿ ಸದ್ದೇ ಇಲ್ಲ ಅಲ್ವ," ಎಂದಳು. ನಮ್ಮ ಮನೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಬಸ್ಸು, ಲಾರಿ, ಟೂರಿಸ್ಟುಗಳ ಕಾರು. ಅವಳ ಕಿವಿ ಹುಡುಕುತ್ತಿದ್ದುದು ಕಡಲಿನ ಸದ್ದು ಎಂದು ನನಗೆ ತಡವಾಗಿ ಹೊಳೆಯಿತು.

ತೊಟ್ಟಿಯ ಯೋಚನೆ ಅವಳದೇ. ಮೊಬೈಲಿನಲ್ಲಿ ಏನೇನೋ ನೋಡಿ ಕಲಿತು, ಮಂಗಳೂರಿನ ಒಂದು ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋಗಿ, ಗಾಜು, ಪಂಪು, ಮೂಟೆಯಲ್ಲಿ ಬರುವ ಬೇರೆಯದೇ ಉಪ್ಪು ಎಲ್ಲವನ್ನೂ ಜೀಪಿಗೆ ಹೇರಿಸಿದಳು. ಚಾರ್ಮಾಡಿಯ ತಿರುವುಗಳಲ್ಲಿ ಗಾಜನ್ನು ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದು ಕೂತಿದ್ದಳು. ಅವಳು ನಕ್ಕಿದ್ದನ್ನು ನಾನು ಎಷ್ಟೋ ಕಾಲದ ಮೇಲೆ ಅವತ್ತೇ ನೋಡಿದ್ದು.

ನೀರು ತುಂಬಿ, ಉಪ್ಪು ಕರಗಿಸಿ ಆದ ಮೇಲೆ ನಾನು, "ಸರಿ, ಮೀನು ಯಾವಾಗ?" ಎಂದೆ. ಅವಳು ಒಂದು ಸಿಗಡಿ ತಂದು ತೊಟ್ಟಿಗೆ ಹಾಕಿದಳು. ಸತ್ತ ಸಿಗಡಿ.

"ಇದೆಂತ ಮಾಡ್ತಿದೀಯ ಮಾರಾಯ್ತಿ," ಎಂದೆ.

"ಕೊಳೀಬೇಕು ಅಣ್ಣ."

"ಮೀನು ಸಾಕ್ತೀನಿ ಅಂತ ಹೇಳಿ ಕೊಳೆ ಸಾಕ್ತಾ ಇದೀಯಲ್ಲ," ಎಂದಳು ಶಾರದ, ಮೂಗಿಗೆ ಸೆರಗು ಹಿಡಿದು. "ಪಕ್ಕದ ಮನೆಯವರು ಇಲಿ ಸತ್ತಿದೆಯ ಅಂತ ಕೇಳಿದ್ರು."

"ಹೌದು ಅಂದ್ಬಿಡಿ ಅತ್ತಿಗೆ, ಸಮುದ್ರದ ಇಲಿ," ಎಂದಳು ಗಿರಿಜ.

ಆಮೇಲೆ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ಹೊಸ ನೀರು ಕಣ್ಣಿಗೆ ಎಷ್ಟು ತಿಳಿಯಾಗಿದ್ದರೂ ಅದರಲ್ಲಿ ಮೀನು ಬದುಕುವುದಿಲ್ಲ. ಕೊಳೆತದ್ದರಿಂದ, ಮೀನಿನ ಕಸದಿಂದ ಅಮೋನಿಯ ಬರುತ್ತದೆ, ಅದು ವಿಷ. ಕಣ್ಣಿಗೆ ಕಾಣದ ಒಂದು ಜಾತಿಯ ಜೀವಿ ಹುಟ್ಟಿ ಅದನ್ನು ತಿಂದು ನೈಟ್ರೈಟ್ ಎಂಬುದನ್ನು ಬಿಡುತ್ತದೆ, ಅದೂ ವಿಷ. ಇನ್ನೊಂದು ಜಾತಿ ಹುಟ್ಟಿ ಅದನ್ನು ತಿಂದು ನೈಟ್ರೇಟ್ ಮಾಡುತ್ತದೆ. ಅದರ ಕಾಟ ಕಡಿಮೆ. ಈ ಎರಡು ಜಾತಿಯವರು ಬಂದು ನೆಲೆಯಾಗುವವರೆಗೆ ಕಾಯಬೇಕು.

"ಗೊಬ್ಬರದ ಗುಂಡಿ ಅಂತ ಹೇಳು," ಎಂದೆ. "ಹಸಿ ಸಗಣಿ ಬುಡಕ್ಕೆ ಹಾಕಿದ್ರೆ ಗಿಡ ಸುಡ್ತದೆ. ಕಳೀಬೇಕು."

"ಅದೇ ಅಣ್ಣ, ಸರಿಯಾಗಿ ಹೇಳ್ದೆ," ಎಂದು ಅವಳು ಎಷ್ಟು ಸಂತೋಷಪಟ್ಟಳೆಂದರೆ, ನನಗೆ ಆ ಕ್ಷಣದಿಂದಲೇ ಎಲ್ಲವೂ ಗೊತ್ತು ಎನಿಸಿಬಿಟ್ಟಿತು.

ಬಣ್ಣ ಓದುವುದು ಮಾತ್ರ ಕಷ್ಟವಾಗಿತ್ತು. ಅಮೋನಿಯ ಇಲ್ಲದಿದ್ದರೆ ಕೊಳವೆಯಲ್ಲಿ ಹಳದಿ, ಇದ್ದರೆ ಹಸಿರು. ನೈಟ್ರೈಟ್ ಇಲ್ಲದಿದ್ದರೆ ಆಕಾಶದ ನೀಲಿ, ಇದ್ದರೆ ನೇರಳೆ. ಪಿ.ಎಚ್. ಕಡಿಮೆಯಿದ್ದರೆ ಕಂದು, ಏರಿದಂತೆ ನೇರಳೆ. ಆದರೆ ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೆ? ನಾನು ಹಸಿರು ಎಂದರೆ ಶಾರದ ನಿಂಬೆಹಣ್ಣು ಎನ್ನುತ್ತಿದ್ದಳು. ಗಿರಿಜ, "ಇಬ್ರೂ ಸೀರೆ ಅಂಗಡೀಲಿ ಜಗಳ ಆಡ್ದಂಗೆ ಆಡ್ತೀರಲ್ಲ," ಎಂದು ನಗುತ್ತಿದ್ದಳು. ಹಸಿರು ದಿನದಿನಕ್ಕೆ ಕಡುವಾಗಿ, ಮತ್ತೆ ತಿಳಿಯಾಗಿ, ಹಳದಿಗೆ ಬಂತು. ನೇರಳೆ ಬಂದು ಹೋಗಿ ನೀಲಿಯಾಯಿತು. ನೀರು ಕಡಿಮೆಯಾದಾಗ ನಾನು ಉಪ್ಪು ಕಲಸಿ ಸುರಿಯಲು ಹೋದರೆ ಕೈ ಹಿಡಿದು ನಿಲ್ಲಿಸಿದಳು. "ಆರಿ ಹೋಗೋದು ನೀರು ಮಾತ್ರ ಅಣ್ಣ. ಉಪ್ಪು ಅಲ್ಲೇ ಇರ್ತದೆ. ಬರೀ ನೀರು ಹಾಕು."

ಕೊನೆಗೂ ಎರಡು ಮೀನು ಬಂದವು. ಕಿತ್ತಳೆ ಮೈ, ಬಿಳಿ ಪಟ್ಟೆ. ಈಜುವಾಗ ಪುಟ್ಟ ಮಕ್ಕಳು ಓಡುವ ಹಾಗೆ ಹಿಂಭಾಗ ಕುಣಿಸುತ್ತಿದ್ದವು. ಗಿರಿಜ ಬೆಳಿಗ್ಗೆ ಎದ್ದವಳೇ ಅವುಗಳ ಮುಂದೆ ಕೂರುತ್ತಿದ್ದಳು. ಗಾಜಿನ ಆಚೆಯಿಂದ ನೋಡಿದರೆ ಅದೇ ಉಪ್ಪಿನಕಾಯಿ ಬಾಟಲಿಯ ಹಿಂದಿನ ದೊಡ್ಡ ಕಣ್ಣು. ಒಂದು ದಿನ ಶಾರದಳಿಗೆ ಹೇಳಿದಳಂತೆ: "ಅತ್ತಿಗೆ, ಇವು ಉಳಿದ್ರೆ ನಾನೂ ಉಳಿತೀನಿ ಅನ್ಸುತ್ತೆ." ಶಾರದ ಅದನ್ನು ನನಗೆ ಹೇಳಿದಾಗ ನಾನು ಹೊರಗೆ ಹೋಗಿ ಕಟ್ಟಿಗೆ ಒಡೆದೆ.

ಮೀನು ಬಂದ ಮೇಲೆ ಹಳದಿಗೆ ಮತ್ತೆ ಒಂಚೂರು ಹಸಿರು ಸೇರಿತು. ಗಿರಿಜ ಹೆದರಲಿಲ್ಲ. "ಹೊಸ ಬಾಯಿ ಬಂದಿದೆ, ಹೊಂದ್ಕೊಳ್ತದೆ," ಎಂದಳು. ಅಷ್ಟರಲ್ಲಿ ಉಮೇಶನ ವರ್ಷದ ಕಾರ್ಯಕ್ಕೆ ಅವಳು ಮಲ್ಪೆಗೆ ಹೋಗಬೇಕಾಯಿತು. ಜೀಪು ಹತ್ತುವ ಮುಂಚೆ ನನಗೆ ಹೇಳಿದ್ದು ಇಷ್ಟು: "ದಿನಾ ಬಣ್ಣ ನೋಡು. ಹೆಚ್ಚುಕಮ್ಮಿ ಅನ್ಸಿದ್ರೆ ಫೋನ್ ಮಾಡು. ನೀನಾಗಿ ಎಂತದೂ ಹಾಕ್ಬೇಡ."

ಜೋರು ಮಳೆಗಾಲ. ಕಿಟಕಿ ಬಾಗಿಲು ಬಿಗಿಯಾಗಿ ಹಾಕಿ, ಒಳಗೆ ಬೆಂಕಿ ಮಾಡಿಕೊಂಡು ಕೂತಿದ್ದೆವು. ಕಾರ್ಯದ ದಿನ ಬೆಳಿಗ್ಗೆ ನೀರು ನೋಡಿದೆ. ಅಮೋನಿಯ ಹಿಂದಿನ ದಿನದಷ್ಟೇ ತಿಳಿ ಹಸಿರು. ಆದರೆ ಪಿ.ಎಚ್. ಕೊಳವೆ ಕಂದು. ಅವಳು ತೋರಿಸಿದ್ದ ಬಣ್ಣಕ್ಕಿಂತ ಕಾರ್ಡಿನಲ್ಲಿ ಎರಡು ಮನೆ ಕೆಳಗೆ. ಫೋನು ಕೈಗೆತ್ತಿಕೊಂಡೆ. ಅಲ್ಲಿ ಪಿಂಡ ಇಡುವ ಹೊತ್ತು. ಮೀನಿನ ಮಾತು ಹೇಗೆ ಆಡುವುದು ಎಂದು ಕೆಳಗಿಟ್ಟೆ. ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಗೊತ್ತಿರುವ ಪ್ರಶ್ನೆ ಬಂದಿತ್ತು. ಪಿ.ಎಚ್. ಕಡಿಮೆಯಾದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಬಂದಾಗ, "ಕಡಿಮೆಯಾಗಿತ್ತು, ನಾನೇ ಸರಿಮಾಡಿದೆ," ಎನ್ನಬೇಕೆಂದು ಆಸೆಯಾಯಿತು.

ಶೆಡ್ಡಿಗೆ ಹೋಗಿ ಒಂದು ಚಮಚ ಸುಣ್ಣ ತಂದೆ. ಬೋರ್ಡೋಗೆ ಮಾಡುವ ಹಾಗೆಯೇ ಚೊಂಬಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಸುರಿದೆ. ತೊಟ್ಟಿ ಹಾಲಿನ ಹಾಗೆ ಬೆಳ್ಳಗಾಯಿತು. ತಿಳಿಯಾಗುತ್ತದೆ ಎಂದು ಕಾಫಿ ಕುಡಿಯಲು ಹೋದೆ. ಬಂದು ನೋಡಿದಾಗ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಹಸಿದಿವೆ ಎಂದುಕೊಂಡೆ. ತಿನ್ನಲು ಹಾಕಿದೆ, ನೋಡಿ. ಮಧ್ಯಾಹ್ನದ ಹೊತ್ತಿಗೆ ಎರಡೂ ಮರಳಿನ ಮೇಲೆ ಒರಗಿದ್ದವು.

ಶಾರದ ಹಾಲು ಕೊಡಲು ಡೈರಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ನಾನು ಗಾಜಿಗೆ ಕೂತಿದ್ದ ಬಿಳಿಯನ್ನು ಒರೆಸಿ, ಮೀನುಗಳನ್ನು ಹಿತ್ತಿಲ ಕಿತ್ತಳೆ ಗಿಡದ ಬುಡದಲ್ಲಿ ಹೂತು ಬಂದಿದ್ದೆ. ಅವಳಿಗೆ ನಡೆದದ್ದನ್ನು ಹೇಳಿದೆ. ಅವಳು ಹಾಲಿನ ಕ್ಯಾನು ಕೆಳಗಿಟ್ಟು, "ಗಿರಿಜಂಗೆ ನೀವೇ ಹೇಳ್ಬೇಕು," ಎಂದಳು.

ಗಿರಿಜ ಮರುದಿನ ಬಂದಳು. ಕೈಯಲ್ಲಿ ಪ್ರಸಾದದ ಪೊಟ್ಟಣ. ಚಪ್ಪಲಿ ಬಿಡುವ ಮೊದಲೇ ಅವಳ ಕಣ್ಣು ತೊಟ್ಟಿಗೆ ಹೋಯಿತು. ಒಂದು ಕಲ್ಲಿನ ಹಿಂದೆ, ಇನ್ನೊಂದು ಕಲ್ಲಿನ ಹಿಂದೆ ಹುಡುಕಿದಳು. ನಾನು ಬಾಯಿ ತೆರೆದೆ. "ಕರೆಂಟು ಹೋಗಿತ್ತು," ಎಂದೆ.

ನಮ್ಮೂರಿನಲ್ಲಿ ಮಳೆಗಾಲಕ್ಕೆ ಇದಕ್ಕಿಂತ ನಂಬುವಂಥ ಮಾತು ಬೇರೆ ಇಲ್ಲ. ಅವಳು ಚಪ್ಪಲಿ ಕಾಲಲ್ಲೇ ತೊಟ್ಟಿಯ ಮುಂದೆ ಕೂತಳು.

"ಬ್ಯಾಟರಿ ಪಂಪು ಒಂದು ಇಟ್ಕೊಳ್ಳಿ, ನಿಮ್ಮ ಕಡೆ ಕರೆಂಟು ಇರಲ್ಲ ಅಂತ ಅಂಗಡಿಯವ್ರು ಹೇಳಿದ್ರು ಅಣ್ಣ. ನಾನೇ ಆಮೇಲೆ ತಗೊಂಡ್ರಾಯ್ತು ಅಂದೆ." ಪ್ರಸಾದದ ಪೊಟ್ಟಣವನ್ನು ಮಡಿಲಿಗಿಟ್ಟುಕೊಂಡು, "ನನ್ನ ಕೈಲಿ ಯಾವ್ದೂ ಉಳಿಯಲ್ಲ," ಎಂದಳು.

ಅಳಲಿಲ್ಲ. ಹೊತ್ತು ಎಷ್ಟಾಯಿತು ಎಂದು ಹೇಳುವಷ್ಟು ಸಹಜವಾಗಿ ಅದನ್ನು ಹೇಳಿದಳು. ನನ್ನ ತಪ್ಪು ಸುಣ್ಣ ಹಾಕಿದ್ದಲ್ಲ. ಅದು ದಡ್ಡತನ, ದಡ್ಡತನಕ್ಕೆ ಎಲ್ಲಾದರೂ ಕ್ಷಮೆ ಇರಬಹುದು. ಅವಳು ಆ ಮಾತು ಹೇಳಿದಾಗ, ಅಲ್ಲ ಗಿರಿಜ, ಇದು ನಿನ್ನಿಂದ ಆಗಿದ್ದಲ್ಲ ಎನ್ನಲು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಸಾಧ್ಯವಿತ್ತು. ಅವನು ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಿದ್ದ. ಒಳಗಿನಿಂದ ಶಾರದ ನನ್ನನ್ನೇ ನೋಡುತ್ತಿದ್ದಳು. ಅವತ್ತಿನಿಂದ ಅವಳು ನನ್ನ ತಮಾಷೆಗಳಿಗೆ ನಗುವುದನ್ನು ಕಡಿಮೆ ಮಾಡಿದಳು.

ಗಿರಿಜ ಮಳೆ ಕಳೆಯುವವರೆಗೂ ಇರಲಿಲ್ಲ. ಉಡುಪಿಯ ಕಡೆ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತೆಂದು ಹೊರಟಳು. "ತೊಟ್ಟಿ ಯಾರಿಗಾದ್ರೂ ಕೊಡು ಅಣ್ಣ. ನೀರು ಚೆಲ್ಬಿಡು," ಎಂದಳು.

ಚೆಲ್ಲುವುದು ಎಲ್ಲಿಗೆ? ಆಗ ನನಗೊಂದು ವಿಚಿತ್ರ ಗೊತ್ತಾಯಿತು. ನಮ್ಮ ಕಡೆ ಉಪ್ಪು ನೀರು ಚೆಲ್ಲಲು ಜಾಗವೇ ಇಲ್ಲ. ಹಿತ್ತಿಲಿಗೆ ಚೆಲ್ಲಿದರೆ ಕಾಫಿ ಗಿಡ ಒಣಗುತ್ತದೆ, ಮೆಣಸಿನ ಬಳ್ಳಿ ಸಾಯುತ್ತದೆ. ಚರಂಡಿಗೆ ಬಿಟ್ಟರೆ ಕೆಳಗಿನವರ ಗದ್ದೆಗೆ ಹೋಗುತ್ತದೆ. ಬಕೆಟ್ಟು ಹಿಡಿದುಕೊಂಡು ಹಿತ್ತಿಲಲ್ಲೆಲ್ಲ ತಿರುಗಾಡಿ, ತಿರುಗಿ ತಂದು ತೊಟ್ಟಿಗೇ ಸುರಿದೆ. ಪಂಪು ಹಾಕಿದೆ. ನಿಂತರೆ ನೀರು ನಾರುತ್ತದಲ್ಲ.

ಯಾವುದೋ ಕೆಲಸಕ್ಕೆ ಮಂಗಳೂರಿಗೆ ಹೋದಾಗ ಕಾಲು ಆ ಅಂಗಡಿಗೆ ಎಳೆಯಿತು. ನಮ್ಮ ಪರಿಚಯದವರೊಬ್ಬರು ಹೀಗೆ ಮಾಡಿದರು ಎಂದು ಕೇಳಿದೆ. ಅಂಗಡಿಯವರು ತಲೆ ಚಚ್ಚಿಕೊಂಡರು.

"ಸುಣ್ಣವಾ ಮಾರಾಯ್ರೆ? ನೋಡಿ, ಆ ಅಮೋನಿಯ ಉಂಟಲ್ಲ, ಪಿ.ಎಚ್. ಕಡಿಮೆ ಇರುವಾಗ ಅದು ಹಲ್ಲು ಕಿತ್ತ ಹಾವು. ಮೀನಿಗೆ ಅಷ್ಟು ಎಂತ ಮಾಡುದಿಲ್ಲ. ಪಿ.ಎಚ್. ಏರಿಸಿದ್ರೆ ಅದೇ ಹಾವಿಗೆ ಹಲ್ಲು ಬರ್ತದೆ. ಅದೂ ಒಮ್ಮೆಲೇ."

"ಮತ್ತೆ ಪಿ.ಎಚ್. ಯಾಕೆ ಇಳಿದಿತ್ತು?"

"ಮಳೆಗೆ ಮನೆ ಬಂದ್ ಮಾಡಿ ಬೆಂಕಿ ಹಾಕಿ ಕೂತಿರ್ತಾರೆ. ಒಳಗಿನ ಕೆಟ್ಟ ಗಾಳಿಯನ್ನೇ ನೀರು ಎಳೀತದೆ, ಹುಳಿ ಆಗ್ತದೆ. ಕಿಟಕಿ ತೆಗೆದಿದ್ರೆ ಸಾಕಿತ್ತು."

ಕಿಟಕಿ ತೆಗೆದಿದ್ದರೆ ಸಾಕಿತ್ತು. ಘಟ್ಟ ಹತ್ತುವಷ್ಟು ಹೊತ್ತೂ ಬಸ್ಸಿನ ಕಿಟಕಿ ತೆರೆದು ಕೂತಿದ್ದೆ. ಮಳೆ ಒಳಗೆ ಬಂದು ಪಕ್ಕದವರು ಬೈದರು.

ಊರಿಗೆ ಬಂದ ಮಾರನೆಯ ದಿನ ಗಿರಿಜಳಿಗೆ ಫೋನು ಮಾಡಿದೆ. ಸುಣ್ಣದಿಂದ ಹಿಡಿದು ಕಿಟಕಿಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಕರೆಂಟು ಹೋಗಿರಲಿಲ್ವ?"

"ಇಲ್ಲ."

"ಹೋಗಿರಲೇ ಇಲ್ವ ಅಣ್ಣ?"

"ಇಲ್ಲ ಗಿರಿಜ."

ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದ ಸದ್ದು ಬಂತು. ಆಮೇಲೆ ಮೆಲ್ಲಗೆ ಹೇಳಿದಳು: "ಅವತ್ತು ನಾನು ಹೇಳಿದ್ದು ಕೇಳಿಸಿತ್ತಲ್ಲ ನಿಂಗೆ."

"ಕೇಳಿಸಿತ್ತು."

"ಕೇಳಿಸ್ಕೊಂಡು ಸುಮ್ಮನಿದ್ಯಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಸಾರು ತಳ ಹಿಡಿತದೆ. ಇಡ್ತೀನಿ."

ಅದಾದ ಮೇಲೆ ಅವಳು ನನ್ನ ಫೋನು ಎತ್ತುವುದಿಲ್ಲ. ಶಾರದಳ ಹತ್ತಿರ ಮಾತಾಡುತ್ತಾಳೆ, ಚೆನ್ನಾಗಿದ್ದಾಳಂತೆ. ಹೇಳಿದ್ದರಿಂದ ಅವಳ ಭಾರ ಇಳಿಯಿತೋ, ಅಣ್ಣನೂ ಹೋದ ಎಂಬ ಇನ್ನೊಂದು ಭಾರ ಏರಿತೋ, ಕೇಳಲು ನನಗೆ ಬಾಯಿಲ್ಲ. ಮೊನ್ನೆ ಅವಳು ಹಾಸ್ಟೆಲಿನ ಮಕ್ಕಳಿಗೆ ಹೊಟ್ಟೆನೋವೆಂದು ಜೀರಿಗೆ ಕಷಾಯ ಮಾಡಿದಳೆಂದು ಮಾತಿನ ನಡುವೆ ಹೇಳಿದಳಂತೆ. ಶಾರದ ಅದನ್ನು ನನಗೆ ಹೇಳಿ, ಸಾಸಿವೆ ಡಬ್ಬಿಯ ಹಿಂದಿನಿಂದ ನಮ್ಮ ಜೀರಿಗೆ ಡಬ್ಬಿಯನ್ನು ತೆಗೆದು ಮುಂದಿಟ್ಟಳು.

ನಾನು ಭಾನುವಾರದ ಕೆಲಸ ಬಿಟ್ಟಿಲ್ಲ. ಆರಿದಷ್ಟಕ್ಕೆ ಬರೀ ನೀರು ಹಾಕುತ್ತೇನೆ. ಒಳಗಿನ ಕಾಣದ ಜೀವಿಗಳು ಸಾಯಬಾರದೆಂದು ಆಗಾಗ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತೇನೆ. ಕೊಳವೆಗಳನ್ನು ತುಂಬಿ, ಹನಿ ಹಾಕಿ, ಕುಲುಕಿ, ಕಾರ್ಡಿನ ಪಕ್ಕ ಸಾಲಾಗಿ ಇಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು ಗಿರಿಜಳಿಗೆ ಕಳಿಸುತ್ತೇನೆ. ಅಮೋನಿಯ ಹಳದಿ. ನೈಟ್ರೈಟ್ ಆಕಾಶದ ನೀಲಿ. ಪಿ.ಎಚ್. ಅವಳು ತೋರಿಸಿಕೊಟ್ಟ ಬಣ್ಣವೇ. ಈಗ ಹಳದಿ ಎಲ್ಲಿ ಮುಗಿಯುತ್ತದೆ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಮೀನು ಬದುಕಬಹುದಾದ ನೀರು ಅದು, ಎಷ್ಟೋ ವಾರಗಳಿಂದ.

ಫೋಟೋದ ಕೆಳಗೆ ಸರಿ ಗುರುತಿನಂಥ ಎರಡು ಗೀಟು ಮೊದಲು ಬೂದಿ ಬಣ್ಣಕ್ಕಿರುತ್ತವೆ. ಮಧ್ಯಾಹ್ನದ ಅಡುಗೆ ಮುಗಿಯುವ ಹೊತ್ತಿಗೆ ನೀಲಿಯಾಗುತ್ತವೆ. ನೋಡಿದಳು ಎಂದು ಅರ್ಥವಂತೆ. ಉತ್ತರ ಬರುವುದಿಲ್ಲ. ಆ ನೀಲಿಯನ್ನು ಪಕ್ಕದಲ್ಲಿಟ್ಟು ನೋಡಲು ಪರೀಕ್ಷೆಯ ಸೀಸೆಗಳ ಡಬ್ಬಿಯಲ್ಲಿ ಕಾರ್ಡು ಕೊಟ್ಟಿಲ್ಲ. ನಾನು ಫೋನನ್ನು ತೊಟ್ಟಿಯ ಮೇಲಿಟ್ಟು, ಕೊಳವೆ ತೊಳೆದು, ಮಳೆ ಒಳಗೆ ಹೊಡೆಯುತ್ತಿದ್ದರೂ ಕಿಟಕಿಯನ್ನು ಹಾಗೆಯೇ ತೆರೆದು ಬಿಡುತ್ತೇನೆ.